ಹೈಡ್ರೋಜನ್ ರಿಯಾಕ್ಟರಿಗೆ ಯಾವ ಬ್ಯಾಕ್ಟೀರಿಯಾ ಸೇರಿಸಬೇಕು, ಯಾವಾಗ ಸೇರಿಸದಿರುವುದೇ ಲೇಸು

ಹುದುಗುವಿಕೆಯಿಂದ ಹೈಡ್ರೋಜನ್ ತೆಗೆಯುವ ರಿಯಾಕ್ಟರಿನಲ್ಲಿ ಅನಿಲ ಕಡಿಮೆಯಾದ ಕೂಡಲೇ ಸಿಗುವ ಮೊದಲ ಸಲಹೆ, ಹೊರಗಿನಿಂದ ಒಂದು ಗಟ್ಟಿ ತಳಿಯನ್ನು ತಂದು ಸೇರಿಸಿ ಎಂಬುದು. ಬಯೋಆಗ್ಮೆಂಟೇಶನ್ ಎಂದು ಕರೆಯುವ ಈ ಉಪಾಯ ಕೆಲವು ಕಡೆ ನಿಜಕ್ಕೂ ಫಲ ಕೊಡುತ್ತದೆ. ಹಲವು ಕಡೆ ಅನಿಲ ಸ್ವಲ್ಪ ಕಾಲ ಏರಿ, ಮತ್ತೆ ಹಳೆಯ ಮಟ್ಟಕ್ಕೇ ಇಳಿಯುತ್ತದೆ. ತಳಿ ಎಷ್ಟು ಒಳ್ಳೆಯದು ಎಂಬುದರಿಂದ ಈ ವ್ಯತ್ಯಾಸ ಹುಟ್ಟುವುದು ಅಪರೂಪ. ನಿಮ್ಮ ರಿಯಾಕ್ಟರಿನಲ್ಲಿ ಹೈಡ್ರೋಜನ್ ಎಲ್ಲಿ ಕಳೆದುಹೋಗುತ್ತಿದೆ, ನೀವು ಸೇರಿಸುವ ಜೀವಿ ಆ ಜಾಗವನ್ನು ಮುಚ್ಚಬಲ್ಲದೇ ಎಂಬುದೇ ಹೆಚ್ಚಿನ ಬಾರಿ ಫಲವನ್ನು ನಿರ್ಧರಿಸುತ್ತದೆ. ಆದ್ದರಿಂದ ಈ ಹೋಲಿಕೆಯನ್ನು ತಳಿಗಳ ಪಟ್ಟಿಯಿಂದಲ್ಲ, ನಷ್ಟದ ಲೆಕ್ಕದಿಂದ ಆರಂಭಿಸುತ್ತೇನೆ.

ಎಷ್ಟು ಬರಬಹುದು, ಎಲ್ಲಿ ಹೋಗುತ್ತಿದೆ

ಬೆಳಕಿನ ಹಂಗಿಲ್ಲದೆ, ಗಾಳಿಯ ಸಂಪರ್ಕವಿಲ್ಲದೆ ನಡೆಯುವ ಹುದುಗುವಿಕೆಯಲ್ಲಿ ಒಂದು ಮೋಲ್ (ಅಣುಗಳ ಎಣಿಕೆಯ ಮಾನ) ಗ್ಲೂಕೋಸಿನಿಂದ ಗರಿಷ್ಠ 4 ಮೋಲ್ ಹೈಡ್ರೋಜನ್ ಬರುತ್ತದೆ. ಅದೂ ಉಳಿಕೆಯೆಲ್ಲ ಅಸಿಟಿಕ್ ಆಮ್ಲವಾದರೆ ಮಾತ್ರ. ಬ್ಯುಟಿರಿಕ್ ಆಮ್ಲದ ದಾರಿ ಹಿಡಿದರೆ 2 ಮೋಲ್. ಮಿಶ್ರ ಕೆಸರಿನಿಂದ, ಅಂದರೆ ಹಲವು ಬಗೆಯ ಸೂಕ್ಷ್ಮಜೀವಿಗಳು ಬೆರೆತ ಕೆಸರಿನಿಂದ, ನಡೆಯುವ ರಿಯಾಕ್ಟರುಗಳು ಸಾಮಾನ್ಯವಾಗಿ 1ರಿಂದ 2.5 ಮೋಲ್‌ಗಳ ನಡುವೆ ಓಡಾಡುತ್ತವೆ. ತೂಕದಲ್ಲಿ ಹೇಳುವುದಾದರೆ, ಒಂದು ಕಿಲೋ ಗ್ಲೂಕೋಸಿನಿಂದ 2 ಮೋಲ್ ಲೆಕ್ಕದಲ್ಲಿ ಸಿಗುವುದು ಸುಮಾರು 22 ಗ್ರಾಂ ಹೈಡ್ರೋಜನ್, ಅಂದರೆ ಸುಮಾರು 250 ಲೀಟರ್. ಯಾವ ಜೀವಿಯನ್ನು ಸೇರಿಸಿದರೂ ಈ ದಾರಿಯಲ್ಲಿ 4 ಮೋಲ್‌ಗಳ ಗೋಡೆ ದಾಟಲಾಗದು. ಅದಕ್ಕಿಂತ ಹೆಚ್ಚು ಬಂದಿದೆ ಎನ್ನುವವರ ಬಳಿ ಮೊದಲು ಮಾಪನದ ವಿವರ ಕೇಳಿ.

ಮಿಶ್ರ ಕೆಸರು ಎಂದರೆ ದುಡಿಯುವವರು ಕೆಲವರು, ಕೂತು ತಿನ್ನುವವರು ಹಲವರು ಇರುವ ದೊಡ್ಡ ಮನೆ. ಅಲ್ಲಿ ಹೈಡ್ರೋಜನ್ ಮೂರು ರೀತಿಯಲ್ಲಿ ನಷ್ಟವಾಗುತ್ತದೆ. ಒಂದು, ಸಕ್ಕರೆ ಬೇರೆ ದಾರಿಗೆ ಹೊರಳಿ ಲ್ಯಾಕ್ಟಿಕ್ ಆಮ್ಲ, ಎಥನಾಲ್ ಅಥವಾ ಪ್ರೊಪಿಯೋನಿಕ್ ಆಮ್ಲವಾಗುತ್ತದೆ, ಹೈಡ್ರೋಜನ್ ಹುಟ್ಟುವುದೇ ಇಲ್ಲ. ಎರಡು, ಹುಟ್ಟಿದ ಹೈಡ್ರೋಜನ್ನನ್ನು ಬೇರೆಯವರು ತಿಂದುಬಿಡುತ್ತಾರೆ: ಮೆಥನೋಜೆನ್‌ಗಳು ಮೀಥೇನ್ ಮಾಡುತ್ತವೆ, ಹೋಮೋಅಸಿಟೋಜೆನ್‌ಗಳು ಅದನ್ನು ಇಂಗಾಲದ ಡೈಆಕ್ಸೈಡ್ ಜತೆ ಸೇರಿಸಿ ಅಸಿಟಿಕ್ ಆಮ್ಲ ಮಾಡುತ್ತವೆ, ದ್ರವದಲ್ಲಿ ಸಲ್ಫೇಟ್ ಇದ್ದರೆ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಮೂರು, ಕಚ್ಚಾವಸ್ತು ಸಕ್ಕರೆಯಾಗಿ ಒಡೆಯುವುದೇ ಇಲ್ಲ. ನಾರು, ಹುಲ್ಲು, ಕಾಗದದಂಥ ವಸ್ತುಗಳಲ್ಲಿ ಇದೇ ದೊಡ್ಡ ತಡೆ.

ಯಾವುದು ನಿಮ್ಮದು ಎಂದು ಪತ್ತೆ ಮಾಡಲು ಜೀನ್ ಪರೀಕ್ಷೆಯವರೆಗೂ ಹೋಗಬೇಕಿಲ್ಲ. ಅನಿಲದಲ್ಲಿ ಮೀಥೇನ್ ಕಂಡರೆ ಮೆಥನೋಜೆನ್‌ಗಳು ಉಳಿದಿವೆ. ದ್ರವದಲ್ಲಿ ಲ್ಯಾಕ್ಟಿಕ್ ಆಮ್ಲ ರಾಶಿ ಬಿದ್ದಿದ್ದರೆ ಮೊದಲ ಬಗೆಯ ನಷ್ಟ. ಅಸಿಟಿಕ್ ಆಮ್ಲ ಧಾರಾಳವಾಗಿದ್ದೂ ಅದಕ್ಕೆ ತಕ್ಕ ಹೈಡ್ರೋಜನ್ ಇಲ್ಲದಿದ್ದರೆ, ಅಥವಾ ಮುಚ್ಚಿದ ಬಾಟಲಿಯಲ್ಲಿ ಒಮ್ಮೆ ಏರಿದ ಅನಿಲ ಮತ್ತೆ ಇಳಿಯುತ್ತಿದ್ದರೆ, ಹೋಮೋಅಸಿಟೋಜೆನ್‌ಗಳ ಮೇಲೆ ಅನುಮಾನ ಪಡಬೇಕು. ಘನವಸ್ತು ಹಾಕಿದ ಹಾಗೆಯೇ ಹೊರಬರುತ್ತಿದ್ದರೆ ಮೂರನೆಯದು.

ಸೇರಿಸದೇ ಇರುವ ಆಯ್ಕೆ

ಇದನ್ನೂ ಆಯ್ಕೆಗಳ ಸಾಲಿನಲ್ಲಿ ಇಡಬೇಕು, ಏಕೆಂದರೆ ಹೋಲಿಕೆಯ ಅಳತೆಗೋಲು ಇದೇ. ಮೂಲ ಕೆಸರನ್ನು 80ರಿಂದ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷದಿಂದ ಒಂದು ಗಂಟೆಯವರೆಗೆ ಕಾಯಿಸಿದರೆ ಮೆಥನೋಜೆನ್‌ಗಳು ಸಾಯುತ್ತವೆ. ಅವುಗಳಿಗೆ ಬೀಜಕ (ಬಿಸಿ ತಾಳುವ, ಗಟ್ಟಿ ಕವಚದ ಸುಪ್ತ ರೂಪ) ಕಟ್ಟುವ ಶಕ್ತಿ ಇಲ್ಲ. ಹೈಡ್ರೋಜನ್ ಉತ್ಪಾದಿಸುವ ಕ್ಲಾಸ್ಟ್ರಿಡಿಯಂಗಳು ಬೀಜಕಗಳಾಗಿ ಉಳಿದು, ತಂಪಾದ ಮೇಲೆ ಎದ್ದು ಬರುತ್ತವೆ. ಆಮೇಲೆ ಪಿಎಚ್ ಅನ್ನು 5.5ರ ಆಸುಪಾಸಿನಲ್ಲಿ ಹಿಡಿದು, ದ್ರವ ರಿಯಾಕ್ಟರಿನಲ್ಲಿ ತಂಗುವ ಅವಧಿಯನ್ನು ಕೆಲವೇ ಗಂಟೆಗಳಿಗೆ ಇಳಿಸಿದರೆ, ನಿಧಾನವಾಗಿ ಬೆಳೆಯುವ ಮೆಥನೋಜೆನ್‌ಗಳು ಮತ್ತೆ ಬಂದರೂ ಕೊಚ್ಚಿಹೋಗುತ್ತವೆ. ಸಕ್ಕರೆ ಹೆಚ್ಚಿರುವ ತ್ಯಾಜ್ಯನೀರಿಗೆ ಈ ಮೂರು ಕ್ರಮಗಳೇ ಹೆಚ್ಚಿನ ಬಾರಿ ಸಾಕು. ಕಬ್ಬಿಣದ ಅಂಶ ಕೊರತೆಯಾಗಿದೆಯೇ ಎಂಬುದನ್ನೂ ಒಮ್ಮೆ ನೋಡಿ; ಹೈಡ್ರೋಜನ್ ಕಟ್ಟುವ ಕಿಣ್ವದ ಕೇಂದ್ರದಲ್ಲಿ ಇರುವುದು ಕಬ್ಬಿಣ. ಅದರ ಕೊರತೆ ಇರುವಲ್ಲಿ ಹೊಸ ತಳಿಯೂ ಹಸಿದೇ ಇರುತ್ತದೆ.

ಕಾಯಿಸುವ ಉಪಾಯಕ್ಕೆ ಎರಡು ಕುಂದುಗಳಿವೆ. ಹೋಮೋಅಸಿಟೋಜೆನ್‌ಗಳಲ್ಲಿ ಹಲವು ತಾವೂ ಬೀಜಕ ಕಟ್ಟುವಂಥವು, ಹಾಗಾಗಿ ಅವು ಬೆಂಕಿಗೆ ಬಗ್ಗುವುದಿಲ್ಲ. ಎರಡನೆಯದು, ಆಮ್ಲಜನಕವನ್ನು ಹೀರಿ ರಿಯಾಕ್ಟರನ್ನು ಕ್ಲಾಸ್ಟ್ರಿಡಿಯಂಗೆ ಯೋಗ್ಯವಾಗಿ ಇಡುತ್ತಿದ್ದ ಸಾಧು ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಈ ಎರಡನೆಯ ಕುಂದೇ ಹೊರಗಿನಿಂದ ಸೇರಿಸುವುದಕ್ಕೆ ಒಂದು ಪ್ರಾಮಾಣಿಕ ಕಾರಣ ಒದಗಿಸುತ್ತದೆ.

ಕ್ಲಾಸ್ಟ್ರಿಡಿಯಂ ಒಂದನ್ನೇ ಸೇರಿಸುವುದು

ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ, ಕ್ಲಾಸ್ಟ್ರಿಡಿಯಂ ಪಾಶ್ಚೂರಿಯಾನಂ ಎಂಬ ಎರಡು ಹೆಸರುಗಳು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಹೈಡ್ರೋಜನ್ ಹುಟ್ಟುವ ಮುನ್ನ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ ಫೆರೆಡಾಕ್ಸಿನ್ ಎಂಬ ಪ್ರೋಟೀನು 1962ರಲ್ಲಿ ಮೊದಲು ಸಿಕ್ಕಿದ್ದೇ ಪಾಶ್ಚೂರಿಯಾನಂನಲ್ಲಿ. 35ರಿಂದ 37 ಡಿಗ್ರಿಯಲ್ಲಿ ಚುರುಕಾಗಿ ಬೆಳೆಯುವ, ಸಕ್ಕರೆ ಸಿಕ್ಕರೆ ಗಂಟೆಗಳಲ್ಲೇ ಅನಿಲ ಕೊಡುವ ಜೀವಿಗಳು ಇವು.

ಆದರೆ ಕಾಯಿಸಿದ ಕೆಸರಿನಲ್ಲಿ ಇವುಗಳ ಬಂಧುಗಳು ಆಗಲೇ ಇರುತ್ತವೆ. ಇರುವವರ ನಡುವೆಯೇ ಇನ್ನೊಬ್ಬರನ್ನು ಕರೆತಂದರೆ ಬದಲಾಗುವುದು ಮುಖ್ಯವಾಗಿ ವೇಗ: ಆರಂಭದ ವಿಳಂಬ ಕಡಿಮೆಯಾಗುತ್ತದೆ, ಒಟ್ಟು ಅನಿಲ ಅಷ್ಟಾಗಿ ಬದಲಾಗುವುದಿಲ್ಲ. ಒಂದೊಂದು ಸರದಿಯಾಗಿ ತುಂಬಿ ಖಾಲಿ ಮಾಡುವ ರಿಯಾಕ್ಟರಿಗೆ ಈ ಲಾಭ ಪ್ರತಿ ಸರದಿಯಲ್ಲೂ ಸಿಗುತ್ತದೆ. ನಿರಂತರವಾಗಿ ಹರಿಯುವ ರಿಯಾಕ್ಟರಿನಲ್ಲಿ ಆರಂಭ ಒಂದೇ ಬಾರಿ, ಹಾಗಾಗಿ ಲಾಭವೂ ಒಂದೇ ಬಾರಿ. ನನ್ನ ಅಭಿಪ್ರಾಯದಲ್ಲಿ ಕ್ಲಾಸ್ಟ್ರಿಡಿಯಂ ಒಂದನ್ನೇ ಸೇರಿಸುವುದು ಸಮಂಜಸವಾಗುವುದು ಎರಡು ಸಂದರ್ಭಗಳಲ್ಲಿ: ಹೊಸ ರಿಯಾಕ್ಟರ್ ಆರಂಭಿಸುವಾಗ, ಮತ್ತು ಪಿಎಚ್ ಕುಸಿದೋ ಹೆಚ್ಚು ಸಕ್ಕರೆ ಸುರಿದೋ ಕೆಟ್ಟುಹೋದ ರಿಯಾಕ್ಟರನ್ನು ಮೇಲೆತ್ತುವಾಗ. ಎರಡನೆಯ ಸಂದರ್ಭದಲ್ಲಿ ಪಿಎಚ್ ಸರಿಮಾಡದೆ ಜೀವಿ ಸುರಿದರೆ ವ್ಯರ್ಥ. ಆಮ್ಲ ಮಿತಿಮೀರಿದಾಗ ಕ್ಲಾಸ್ಟ್ರಿಡಿಯಂಗಳಲ್ಲಿ ಕೆಲವು ಬ್ಯುಟನಾಲ್, ಅಸಿಟೋನ್‌ನಂಥ ದ್ರಾವಕ ತಯಾರಿಸುವ ದಾರಿಗೆ ಹೊರಳಿ ಹೈಡ್ರೋಜನ್ ಇಳಿಸುತ್ತವೆ, ಉಳಿದವು ಬೀಜಕ ಕಟ್ಟಿ ಮಲಗುತ್ತವೆ.

ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಮೇಲುಗೈ ಸಾಧಿಸಿದ ರಿಯಾಕ್ಟರಿನಲ್ಲಿ ಏನು ಮಾಡಬೇಕು? ಅವು ಬೇಗ ಬೆಳೆಯುತ್ತವೆ, ಕೆಲವು ಎದುರಾಳಿಗಳನ್ನು ಕೊಲ್ಲುವ ಪ್ರೋಟೀನುಗಳನ್ನೂ ಹೊರಬಿಡುತ್ತವೆ. ಅವುಗಳೊಡನೆ ಸಕ್ಕರೆಗಾಗಿ ಹೋರಾಡಲು ಹೊಸ ತಳಿಯನ್ನು ಬಿಟ್ಟರೆ ಸೋಲೇ ಹೆಚ್ಚು. ಆದರೆ ಲ್ಯಾಕ್ಟಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಎರಡನ್ನೂ ಉಂಡು ಬ್ಯುಟಿರಿಕ್ ಆಮ್ಲ ಹಾಗೂ ಹೈಡ್ರೋಜನ್ ಮಾಡುವ ಕ್ಲಾಸ್ಟ್ರಿಡಿಯಂ ತಳಿಗಳಿವೆ. ಶತ್ರುವಿನ ಉತ್ಪನ್ನವನ್ನೇ ಆಹಾರ ಮಾಡಿಕೊಳ್ಳುವ ಇಂಥ ತಳಿಗೆ ರಿಯಾಕ್ಟರಿನಲ್ಲಿ ಒಂದು ಖಾಲಿ ಜಾಗ ಮೊದಲೇ ಸಿದ್ಧವಿರುತ್ತದೆ. ಕ್ಲಾಸ್ಟ್ರಿಡಿಯಂ ಆರಿಸುವುದೇ ಆದರೆ ಸಕ್ಕರೆಯ ಮೇಲಿನ ಅಂಕಿಗಿಂತ ಈ ಗುಣ ಇದೆಯೇ ಎಂಬುದನ್ನು ಮೊದಲು ವಿಚಾರಿಸಿ.

ಗಾಳಿ ಸಹಿಸುವ ಜತೆಗಾರ

ಎಂಟರೋಬ್ಯಾಕ್ಟರ್ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಇವು ಫಾರ್ಮಿಕ್ ಆಮ್ಲವನ್ನು ಒಡೆದು ಹೈಡ್ರೋಜನ್ ಬಿಡುವ ದಾರಿಯನ್ನೂ ಬಳಸುತ್ತವೆ. ಆ ದಾರಿಯಲ್ಲಿ ಒಂದು ಗ್ಲೂಕೋಸಿಗೆ 2 ಮೋಲ್ ಗರಿಷ್ಠ. ಇಳುವರಿ ನೋಡಿ ಇವನ್ನು ಆರಿಸಿದರೆ ನಿರಾಸೆ ಖಚಿತ. ಇವುಗಳ ಬೆಲೆ ಇರುವುದು ರಿಯಾಕ್ಟರಿಗೆ ನುಸುಳಿದ ಆಮ್ಲಜನಕವನ್ನು ಮುಗಿಸಿಬಿಡುವುದರಲ್ಲಿ. 1990ರ ದಶಕದಲ್ಲೇ ಪಿಷ್ಟದ ಮೇಲೆ ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ ಮತ್ತು ಎಂಟರೋಬ್ಯಾಕ್ಟರ್ ಏರೋಜೀನ್ಸ್ ಜೋಡಿಯನ್ನು ಬೆಳೆಸಿ, ಆಮ್ಲಜನಕ ತೆಗೆಯುವ ದುಬಾರಿ ರಾಸಾಯನಿಕವಿಲ್ಲದೆಯೇ ಹೈಡ್ರೋಜನ್ ತೆಗೆಯಬಹುದೆಂದು ತೋರಿಸಿದ್ದಾರೆ. ತರಿಸುವಾಗ ಹೆಸರಿನ ಗೊಂದಲಕ್ಕೆ ಸಿಲುಕಬೇಡಿ: ಎಂಟರೋಬ್ಯಾಕ್ಟರ್ ಏರೋಜೀನ್ಸ್ ಈಗ ಕ್ಲೆಬ್ಸಿಯೆಲ್ಲಾ ಏರೋಜೀನ್ಸ್. ಇದು ಅವಕಾಶ ಸಿಕ್ಕರೆ ಮನುಷ್ಯರಲ್ಲಿ ಸೋಂಕು ಉಂಟುಮಾಡಬಲ್ಲ ಜೀವಿ ಎಂಬುದನ್ನೂ ಮರೆಯಬಾರದು.

ನಿಮ್ಮ ಒಳಹರಿವು ಗಾಳಿಯೊಡನೆ ಬೆರೆತು ಬರುತ್ತಿದ್ದರೆ, ಕೆಸರನ್ನು ಕಾಯಿಸಿ ಬಳಸುತ್ತಿದ್ದರೆ ಈ ಜೋಡಿಗೆ ಅರ್ಥವಿದೆ. ರಿಯಾಕ್ಟರ್ ಬಿಗಿಯಾಗಿದ್ದು, ಒಳಗೆ ಆಮ್ಲಜನಕವೇ ಇಲ್ಲದಿದ್ದರೆ ಇದು ಸಕ್ಕರೆಗೆ ಇನ್ನೊಬ್ಬ ಪಾಲುದಾರ, ಅಷ್ಟೆ.

ಬಿಸಿಯನ್ನು ಮೆಚ್ಚುವ ಜೀವಿಗಳು

ಸಂಶೋಧನೆಯ ಅಂಕಿಗಳನ್ನಷ್ಟೇ ನೋಡಿದರೆ ಸ್ಪರ್ಧೆ ಇಲ್ಲಿಗೇ ಮುಗಿಯಬೇಕು. 70 ಡಿಗ್ರಿಯಲ್ಲಿ ಬೆಳೆಯುವ ಕ್ಯಾಲ್ಡಿಸೆಲ್ಯುಲೋಸಿರಪ್ಟರ್ ಸ್ಯಾಕರೋಲಿಟಿಕಸ್, 80 ಡಿಗ್ರಿಯ ಥರ್ಮೋಟೋಗಾ ಮ್ಯಾರಿಟಿಮಾ ಎರಡೂ ಅನುಕೂಲ ಪರಿಸ್ಥಿತಿಯಲ್ಲಿ 4 ಮೋಲ್‌ಗಳ ಗೋಡೆಯ ಹತ್ತಿರಕ್ಕೇ ಹೋಗುತ್ತವೆ. ಕಾರಣ ರಸಾಯನಶಾಸ್ತ್ರದಲ್ಲಿದೆ: ಉಷ್ಣತೆ ಏರಿದಂತೆ ಹೈಡ್ರೋಜನ್ ಬಿಡುಗಡೆಯ ಕ್ರಿಯೆ ಸುಲಭವಾಗುತ್ತದೆ, ಒಳಗೆ ಕೂಡಿಕೊಂಡ ಹೈಡ್ರೋಜನ್ನಿನ ಒತ್ತಡ ಅದನ್ನು ಅಷ್ಟು ಬೇಗ ತಡೆಯುವುದಿಲ್ಲ. ಕ್ಯಾಲ್ಡಿಸೆಲ್ಯುಲೋಸಿರಪ್ಟರ್‌ಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. ಗ್ಲೂಕೋಸ್ ಇದ್ದಾಗಲೂ ಅದು ನಾರಿನಿಂದ ಬರುವ ಕ್ಸೈಲೋಸ್ ಎಂಬ ಸಕ್ಕರೆಯನ್ನು ಬದಿಗಿಡದೆ ಎರಡನ್ನೂ ಒಟ್ಟಿಗೇ ಬಳಸುತ್ತದೆ. ಸಾಧಾರಣ ಉಷ್ಣತೆಯ ಕೆಸರಿನಿಂದ ಬಂದ ಮೆಥನೋಜೆನ್‌ಗಳು, ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಈ ಬಿಸಿಯಲ್ಲಿ ತಾಳುವುದಿಲ್ಲ, ಆದ್ದರಿಂದ ಸೇರಿಸಿದ ಜೀವಿ ನಿಲ್ಲುವ ಸಾಧ್ಯತೆಯೂ ಹೆಚ್ಚು.

ಈಗ ಬಿಸಿ ಮಾಡುವ ಖರ್ಚು ನೋಡೋಣ. ಒಂದು ಲೀಟರ್ ನೀರನ್ನು 25ರಿಂದ 70 ಡಿಗ್ರಿಗೆ ಏರಿಸಲು ಸುಮಾರು 188 ಕಿಲೋಜೌಲ್ ಬೇಕು. ಆ ಲೀಟರಿನಲ್ಲಿ 10 ಗ್ರಾಂ ಗ್ಲೂಕೋಸ್ ಇದ್ದು, 3 ಮೋಲ್ ಲೆಕ್ಕದಲ್ಲಿ ಹೈಡ್ರೋಜನ್ ಸಿಕ್ಕರೆ, ಅದನ್ನು ಉರಿಸಿದಾಗ ಬರುವುದು ಸುಮಾರು 40 ಕಿಲೋಜೌಲ್. ಗಳಿಸಿದ್ದರ ನಾಲ್ಕೂವರೆ ಪಟ್ಟಿಗೂ ಮೀರಿ ಖರ್ಚಾಯಿತು! ಬಿಸಿಯನ್ನು ಹಿಂದಕ್ಕೆ ಪಡೆಯದಿದ್ದರೆ, ಖರ್ಚು ಮತ್ತು ಗಳಿಕೆ ಸರಿಹೋಗಲು ಲೀಟರಿಗೆ ಸುಮಾರು 47 ಗ್ರಾಂ ಸಕ್ಕರೆ ಬೇಕಾಗುತ್ತದೆ. ಅಷ್ಟು ಗಾಢ ದ್ರಾವಣವನ್ನು ಕ್ಯಾಲ್ಡಿಸೆಲ್ಯುಲೋಸಿರಪ್ಟರ್‌ನಂಥ, ಲವಣ ಮತ್ತು ಆಮ್ಲಗಳ ಸಾಂದ್ರತೆ ಏರಿದರೆ ಕುಗ್ಗುವ ಜೀವಿ ಸಹಿಸುವುದು ಕಷ್ಟ. ಜತೆಗೆ ಇವುಗಳ ಕೋಶಸಾಂದ್ರತೆ ಕಡಿಮೆ. ಒಂದು ಗ್ರಾಂ ಸಕ್ಕರೆಗೆ ಹೆಚ್ಚು ಹೈಡ್ರೋಜನ್ ಕೊಟ್ಟರೂ, ರಿಯಾಕ್ಟರಿನ ಒಂದು ಲೀಟರಿಗೆ ಗಂಟೆಯೊಂದರಲ್ಲಿ ಕೊಡುವುದು ಹೆಚ್ಚಿನ ಬಾರಿ ಕ್ಲಾಸ್ಟ್ರಿಡಿಯಂಗಿಂತ ಕಡಿಮೆ.

ಹಾಗಾಗಿ ನನ್ನ ತೀರ್ಮಾನ ಸರಳ: ತ್ಯಾಜ್ಯ ಬಿಸಿಯಾಗಿಯೇ ಹೊರಬರುವ ಕಾರ್ಖಾನೆಯಾದರೆ, ಅಥವಾ ಬೇರೆಲ್ಲೋ ವ್ಯರ್ಥವಾಗುವ ಶಾಖ ಕೈಗೆ ಸಿಗುವಂತಿದ್ದರೆ ಇದು ಮೊದಲ ಆಯ್ಕೆ. ಇಲ್ಲದಿದ್ದರೆ ಎಷ್ಟೇ ಚೆಂದದ ಇಳುವರಿ ಇದ್ದರೂ ಕೈಬಿಡಿ. 37 ಡಿಗ್ರಿಯ ರಿಯಾಕ್ಟರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ. 25ರಿಂದ 37ಕ್ಕೆ ಏರಿಸಲು ಲೀಟರಿಗೆ 50 ಕಿಲೋಜೌಲ್ ಖರ್ಚು. ಅದೇ 10 ಗ್ರಾಂ ಗ್ಲೂಕೋಸಿನಿಂದ 2 ಮೋಲ್ ಲೆಕ್ಕದಲ್ಲಿ ಸಿಗುವುದು 27 ಕಿಲೋಜೌಲ್. ತೆಳುವಾದ ತ್ಯಾಜ್ಯನೀರಿಗೆ ಹೊಸ ತಳಿ ಹುಡುಕುವ ಮೊದಲು ಅದನ್ನು ಗಾಢವಾಗಿಸುವ ದಾರಿ ಹುಡುಕಬೇಕು.

ನಾರು ಒಡೆಯುವ ಜೀವಿಗಳು: ಸೇರಿಸುವುದು ನಿಜಕ್ಕೂ ಸಾರ್ಥಕವಾಗುವ ಜಾಗ

ಕಚ್ಚಾವಸ್ತು ಸೆಲ್ಯುಲೋಸ್ ಆಗಿದ್ದಾಗ ಪರಿಸ್ಥಿತಿ ಪೂರ್ತಿ ಬೇರೆ. ಇಲ್ಲಿ ಸಾಮಾನ್ಯ ಕೆಸರಿನಲ್ಲಿ ಕಡಿಮೆ ಇರುವುದು ಹೈಡ್ರೋಜನ್ ಮಾಡುವವರಲ್ಲ, ನಾರನ್ನು ಒಡೆಯುವವರು. ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಂ (ಈಗಿನ ಹೆಸರು ಅಸಿಟಿವಿಬ್ರಿಯೋ ಥರ್ಮೋಸೆಲ್ಲಸ್) 60 ಡಿಗ್ರಿಯಲ್ಲಿ ಈ ಕೆಲಸದ ನಿಪುಣ. ಹತ್ತಾರು ಕಿಣ್ವಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿದ ಸೆಲ್ಯುಲೋಸೋಮ್ ಎಂಬ ರಚನೆಯನ್ನು ತನ್ನ ಮೈಮೇಲೆ ಹೊತ್ತು, ನಾರಿಗೆ ಅಂಟಿಕೊಂಡು ಅದನ್ನು ಕತ್ತರಿಸುತ್ತದೆ. ಅದರ ದೌರ್ಬಲ್ಯ ಎರಡು: ಕ್ಸೈಲೋಸ್ ಅದಕ್ಕೆ ಒಗ್ಗುವುದಿಲ್ಲ, ಕತ್ತರಿಸಿದಾಗ ಬರುವ ಸೆಲ್ಲೋಬಯೋಸ್ ಎಂಬ ಸಕ್ಕರೆ ಕೂಡಿಕೊಂಡರೆ ಕಿಣ್ವಗಳೇ ನಿಧಾನವಾಗುತ್ತವೆ. ಅದೇ ಉಷ್ಣತೆಯಲ್ಲಿ ಬೆಳೆಯುವ ಥರ್ಮೋಅನಿರೋಬ್ಯಾಕ್ಟೀರಿಯಂ ಥರ್ಮೋಸ್ಯಾಕರೋಲಿಟಿಕಂ ಎರಡೂ ಸಕ್ಕರೆಗಳನ್ನು ಎತ್ತಿಕೊಂಡು ಹೈಡ್ರೋಜನ್ ಮಾಡುತ್ತದೆ. ಒಬ್ಬರು ಕತ್ತರಿಸುವವರು, ಇನ್ನೊಬ್ಬರು ತೆರವು ಮಾಡುವವರು. ಈ ಜೋಡಿಯ ಒಟ್ಟು ಅನಿಲ ಒಂಟಿ ತಳಿಗಿಂತ ಹೆಚ್ಚು ಎಂಬುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ.

ಬಿಸಿಯ ಖರ್ಚು ಇಲ್ಲಿಯೂ ಇದೆ. ಆದರೆ ಘನಾಂಶ ಹೆಚ್ಚಿರುವ ಮಿಶ್ರಣವನ್ನು ಬಳಸಬಹುದಾದ್ದರಿಂದ ಪ್ರತಿ ಲೀಟರಿಗೆ ಸಿಗುವ ಶಕ್ತಿಯೂ ಹೆಚ್ಚು. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಗಟ್ಟಿಯಾಗಿ ಸುತ್ತಿಕೊಂಡ ವಸ್ತುವಾದರೆ ಮಾತ್ರ ಪುಡಿ ಮಾಡುವ, ಬೇಯಿಸುವ ಅಥವಾ ಕ್ಷಾರದಲ್ಲಿ ನೆನೆಸುವ ಪೂರ್ವಸಿದ್ಧತೆ ಬೇಕೇ ಬೇಕು.

ಬೆಳಕಿನ ಬ್ಯಾಕ್ಟೀರಿಯಾಗಳು ಮತ್ತು ತಿದ್ದಿದ ತಳಿಗಳು

ಮೊದಲ ಹಂತದಲ್ಲಿ ಉಳಿದ ಆಮ್ಲಗಳಿಂದಲೂ ಹೈಡ್ರೋಜನ್ ತೆಗೆಯುವ ಆಸೆ ಸಹಜ, ಸಕ್ಕರೆಯ ಶಕ್ತಿಯ ಬಹುಪಾಲು ಅಲ್ಲೇ ಉಳಿದಿರುತ್ತದೆ. ರೋಡೋಬ್ಯಾಕ್ಟರ್ ಸ್ಫೀರಾಯ್ಡಿಸ್, ರೋಡೋಸೂಡೋಮೋನಾಸ್ ಪಲುಸ್ಟ್ರಿಸ್ ಎಂಬ ನೇರಳೆ ಬ್ಯಾಕ್ಟೀರಿಯಾಗಳು ಬೆಳಕಿನ ಬಲದಿಂದ ಈ ಕೆಲಸ ಮಾಡುತ್ತವೆ. ಎರಡೂ ಹಂತ ಸೇರಿದರೆ ಕಾಗದದ ಮೇಲೆ ಒಂದು ಗ್ಲೂಕೋಸಿಗೆ 12 ಮೋಲ್. ಕಾಗದದ ಆಚೆ ಕಥೆ ಬೇರೆ. ಅವು ಬಳಸುವ ನೈಟ್ರೋಜಿನೇಸ್ ಕಿಣ್ವ ಅಮೋನಿಯಂ ಕಂಡರೆ ಕೆಲಸ ನಿಲ್ಲಿಸುತ್ತದೆ, ತ್ಯಾಜ್ಯದಲ್ಲಿ ಅಮೋನಿಯಂ ಇಲ್ಲದಿರುವುದು ವಿರಳ. ದ್ರವ ಕಪ್ಪಾಗಿದ್ದರೆ ಬೆಳಕು ಒಳಗೆ ಇಳಿಯುವುದಿಲ್ಲ. ಪಿಎಚ್ ಅನ್ನು 7ರ ಹತ್ತಿರಕ್ಕೆ ತರಬೇಕು. ಒಂದೇ ಪಾತ್ರೆಯಲ್ಲಿ ಎರಡೂ ಗುಂಪನ್ನು ಸೇರಿಸಿದರೆ ಯಾರಿಗೂ ಹಿತವಾಗದ ಪರಿಸ್ಥಿತಿ ಉಂಟಾಗುತ್ತದೆ. ಉಳಿದ ಆಮ್ಲಗಳನ್ನು ಎರಡನೆಯ ಪಾತ್ರೆಯಲ್ಲಿ ಮೀಥೇನ್ ಮಾಡುವುದು ಇಂದಿಗೂ ಹೆಚ್ಚು ಭರವಸೆಯ ದಾರಿ. ಅದಕ್ಕೆ ಬೇಕಾದ ಕೆಸರು ಬಯೋಗ್ಯಾಸ್ ಘಟಕಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ.

ಜೀನ್ ತಿದ್ದಿದ ಎಸ್ಚರೀಶಿಯಾ ಕೋಲೈ ತಳಿಗಳಲ್ಲಿ ಲ್ಯಾಕ್ಟಿಕ್ ಆಮ್ಲದ ದಾರಿ ಮುಚ್ಚಿ, ಹೈಡ್ರೋಜನ್ ಮರಳಿ ಹೀರುವ ಕಿಣ್ವಗಳನ್ನು ತೆಗೆದು ಇಳುವರಿ ಹೆಚ್ಚಿಸಿದ್ದಾರೆ. ಶುದ್ಧ ಸಕ್ಕರೆಯ, ಕ್ರಿಮಿರಹಿತ ಪಾತ್ರೆಗೆ ಅವು ಸರಿ. ತೆರೆದ ತ್ಯಾಜ್ಯದಲ್ಲಿ ಕಾಡುತಳಿಗಳೆದುರು ಅವು ನಿಲ್ಲುವುದು ಕಷ್ಟ, ಹೊರಗೆ ಬಿಡಲು ಕಾನೂನಿನ ತಡೆಯೂ ಇರುತ್ತದೆ.

ಸೇರಿಸಿದ್ದು ನಿಲ್ಲುತ್ತದೆಯೇ?

ಚೆನ್ನಾಗಿ ಕಲಕುವ ನಿರಂತರ ರಿಯಾಕ್ಟರಿನಲ್ಲಿ ಬೆಳೆಯದ ಜೀವಿಯ ಪ್ರಮಾಣ, ಮೂರು ತಂಗುವ ಅವಧಿಗಳು ಕಳೆದಾಗ ಶೇಕಡಾ 5ಕ್ಕೆ ಇಳಿಯುತ್ತದೆ. ಅವಧಿ 12 ಗಂಟೆಯಾದರೆ ಒಂದೂವರೆ ದಿನದಲ್ಲಿ ಎಲ್ಲ ಖಾಲಿ. ಅವಧಿ 6 ಗಂಟೆಯಾದರೆ, ಅಲ್ಲಿ ಉಳಿಯಬೇಕಾದ ಜೀವಿ ಸುಮಾರು 4 ಗಂಟೆಯೊಳಗೆ ಇಮ್ಮಡಿಯಾಗಲೇಬೇಕು. ನಾರು ಒಡೆಯುವವರಲ್ಲಿ ಅನೇಕರಿಗೆ ಈ ವೇಗ ಸಾಧ್ಯವಿಲ್ಲ, ಅದಕ್ಕಾಗಿ ಅವಧಿಯನ್ನು ದಿನಗಳಿಗೆ ಏರಿಸಬೇಕಾಗುತ್ತದೆ, ಏರಿಸಿದರೆ ಮೆಥನೋಜೆನ್‌ಗಳಿಗೂ ಬಾಗಿಲು ತೆರೆದಂತೆ. ಈ ಇಕ್ಕಟ್ಟಿನಿಂದ ಪಾರಾಗಲು ಜೀವಿಗಳನ್ನು ಆಲ್ಜಿನೇಟ್ (ಕಡಲಪಾಚಿಯಿಂದ ತೆಗೆದ ಅಂಟು) ಗುಳಿಗೆಗಳಲ್ಲಿ ಅಥವಾ ಸಕ್ರಿಯ ಇಂಗಾಲದ ಕಣಗಳ ಮೇಲೆ ನೆಲೆಯೂರಿಸುತ್ತಾರೆ. ಪ್ರಯೋಗಾಲಯದಲ್ಲಿ ಆಲ್ಜಿನೇಟ್ ಅನುಕೂಲ, ಆದರೆ ಒಳಗೆ ಹುಟ್ಟುವ ಅನಿಲವೇ ಗುಳಿಗೆಯನ್ನು ಸೀಳುವುದುಂಟು. ದೀರ್ಘಕಾಲಕ್ಕೆ ಇಂಗಾಲದ ಕಣಗಳು, ಇಲ್ಲವೇ ಜೀವಿಗಳು ತಾವಾಗಿ ಕಟ್ಟಿಕೊಳ್ಳುವ ಪದರ ಮೇಲು.

ಒಂಟಿ ತಳಿಗಿಂತ, ನಿಮ್ಮದೇ ತ್ಯಾಜ್ಯದ ಮೇಲೆ ಹಲವು ಸರದಿ ಬೆಳೆಸಿ ಪಳಗಿಸಿದ ಚಿಕ್ಕ ಗುಂಪು ಹೆಚ್ಚು ಕಾಲ ಬಾಳುತ್ತದೆ. ಅದರ ಪಾಲುದಾರರು ಒಬ್ಬರಿಗೊಬ್ಬರು ಒಗ್ಗಿರುತ್ತಾರೆ. ಪ್ರತಿ ಬಾರಿ ಒಂದೇ ಬಗೆಯ ಗುಂಪು ಸಿಗುತ್ತದೆ ಎಂಬ ಖಾತರಿ ಇಲ್ಲದಿರುವುದು ಇದರ ಕೊರತೆ.

ಖರೀದಿಗೆ ಮುನ್ನ ಬಾಟಲಿಯ ಪರೀಕ್ಷೆ

ಯಾವುದನ್ನೇ ಆರಿಸಿ, ಮೊದಲು ಚಿಕ್ಕ ಬಾಟಲಿಗಳಲ್ಲಿ ನಾಲ್ಕು ಗುಂಪು ಮಾಡಿ, ಪ್ರತಿಯೊಂದನ್ನೂ ಮೂರು ಪ್ರತಿಗಳಲ್ಲಿ ಇಡಿ: ನಿಮ್ಮ ಕೆಸರು ಮಾತ್ರ, ಕೆಸರಿಗೆ ಜೀವಂತ ತಳಿ ಸೇರಿಸಿದ್ದು, ಕೆಸರಿಗೆ ಅಷ್ಟೇ ಪ್ರಮಾಣದ ಸತ್ತ ತಳಿ ಸೇರಿಸಿದ್ದು, ಕ್ರಿಮಿರಹಿತಗೊಳಿಸಿದ ತ್ಯಾಜ್ಯದಲ್ಲಿ ತಳಿ ಮಾತ್ರ. ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನಿಜ ಬಯಲಾಗುವುದು ಅದರಲ್ಲೇ. ತಳಿಯ ಜತೆ ಬರುವ ಯೀಸ್ಟ್ ಸಾರ, ಜೀವಸತ್ವ, ಖನಿಜಗಳೇ ಹಳೆಯ ಕೆಸರನ್ನು ಚುರುಕುಗೊಳಿಸಿ ಅನಿಲ ಹೆಚ್ಚಿಸಬಹುದು. ಸತ್ತ ತಳಿಯಿಂದಲೂ ಅಷ್ಟೇ ಲಾಭ ಬಂದರೆ ನಿಮಗೆ ಬೇಕಾಗಿರುವುದು ಪೋಷಕಾಂಶ, ಬ್ಯಾಕ್ಟೀರಿಯಾ ಅಲ್ಲ. ಕ್ಲಾಸ್ಟ್ರಿಡಿಯಂ ಕೊಲ್ಲಲು ಕುದಿಸುವುದು ಸಾಲದು, ಬೀಜಕಗಳು ಉಳಿಯುತ್ತವೆ. ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯ ಪಾತ್ರೆ) 121 ಡಿಗ್ರಿ ಬೇಕು. ಬಾಟಲಿಗಳ ಸುತ್ತ ಬೆಂಕಿ ಇರಬಾರದು. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಹೈಡ್ರೋಜನ್ ಬೆರೆತಿದ್ದರೆ ಅದು ಹೊತ್ತಿಕೊಳ್ಳುತ್ತದೆ.

ಫಲಿತಾಂಶವನ್ನು ವಿಳಂಬ, ಗರಿಷ್ಠ ವೇಗ, ಒಟ್ಟು ಅನಿಲ ಎಂಬ ಮೂರು ಅಂಕಿಗಳಾಗಿ ಬೇರ್ಪಡಿಸಿ ನೋಡಿ. ವಿಳಂಬ ಮಾತ್ರ ಇಳಿದಿದ್ದರೆ ನಿರಂತರ ರಿಯಾಕ್ಟರಿಗೆ ಅದರಿಂದ ಪ್ರಯೋಜನ ಕಡಿಮೆ. ಬೇರೆಯವರ ಅಂಕಿಗಳೊಡನೆ ಹೋಲಿಸುವಾಗ ಅನಿಲವನ್ನು ಯಾವ ಉಷ್ಣತೆಯಲ್ಲಿ ಅಳೆದಿದ್ದಾರೆ ಎಂದು ನೋಡಲೇಬೇಕು. ಸೊನ್ನೆ ಡಿಗ್ರಿಯಲ್ಲಿ 22.4 ಲೀಟರ್ ಇರುವ ಒಂದು ಮೋಲ್ ಅನಿಲ 37 ಡಿಗ್ರಿಯಲ್ಲಿ 25.4 ಲೀಟರ್ ಆಗುತ್ತದೆ. ಅದರಲ್ಲಿ ನೀರಾವಿ ಸೇರಿದರೆ ಇನ್ನೂ ಶೇಕಡಾ 6ರಷ್ಟು ಉಬ್ಬುತ್ತದೆ. ಹೊಸ ತಳಿಯಿಂದ ಶೇಕಡಾ 15ರಷ್ಟು ಹೆಚ್ಚಳ ಬಂದಿದೆ ಎಂಬ ಹೇಳಿಕೆ ಕಣ್ಣಿಗೆ ಬಿದ್ದರೆ, ಎರಡೂ ಅಳತೆಗಳು ಒಂದೇ ಉಷ್ಣತೆಯಲ್ಲಿ ಆಗಿವೆಯೇ, ಅನಿಲವನ್ನು ಒಣಗಿಸಿ ಅಳೆದಿದ್ದಾರೆಯೇ ಎಂದು ತಿಳಿದುಕೊಂಡ ಮೇಲೆಯೇ ಬೆಲೆಯ ಮಾತಿಗೆ ಕುಳಿತುಕೊಳ್ಳಿ.